ಎರವಲು ಮಣಿಕಟ್ಟು

ಪಂಚಾಕ್ಷರಯ್ಯನವರಿಗೆ ಮೊದಲು ಅನುಮಾನ ಬಂದದ್ದು ಹೆಂಡತಿಯ ಮೇಲೆ. ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬಸ್ಸುಗಳ ತಪಾಸಣಾ ದಳದಲ್ಲಿ ತಲೆ ನರೆಯುವವರೆಗೆ ದುಡಿದ ಮನುಷ್ಯ. ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವರು. ತುಮಕೂರಿನ ಬಸ್ಸುಗಳಲ್ಲಿ ಕಂಡಕ್ಟರುಗಳು ಇಲ್ಲವಾಗಿ, ಬಾಗಿಲಿನ ಯಂತ್ರವೇ ಚೀಟಿ ಹರಿದು ಕೊಡುವ ಕಾಲ ಬಂದಿದ್ದರೂ ಯಂತ್ರದ ಕಣ್ಣಿಗೆ ಮಣ್ಣೆರಚುವವರೇನೂ ಕಡಿಮೆಯಾಗಿರಲಿಲ್ಲ. ಹಾಗಾಗಿ ನಡುದಾರಿಯಲ್ಲಿ ಬಸ್ಸು ಹತ್ತಿ, ತುಟಿ ಪಿಟಕ್ಕೆನ್ನದೆ ಬಲಗೈ ಚಾಚಿ ನಿಲ್ಲುವ ಪಂಚಾಕ್ಷರಯ್ಯನವರಿಗೂ ಕೆಲಸ ಉಳಿದಿತ್ತು. ಆ ಅಂಗೈ ಮುಂದೆ ಬಂದರೆ ಚೀಟಿ ಇದ್ದವರೂ ಒಮ್ಮೆ ಜೇಬು ತಡಕಾಡುತ್ತಿದ್ದರು.

ಮುರಿದದ್ದು ಆ ಕೈಯೇ. ಒದ್ದೆಯಾದ ಫುಟ್‌ಬೋರ್ಡಿನಿಂದ ಜಾರಿದವರು, ಬೀಳುವವರೆಲ್ಲ ಮಾಡುವಂತೆ, ಅಂಗೈ ಊರಿದರು. ಮಣಿಕಟ್ಟಿನ ಮೂಳೆ ತುಂಡುತುಂಡಾಯಿತು. ಸಂಧಿಸೇತು ಆಸ್ಪತ್ರೆಯವರು ಅಂಗೈ ಕಡೆಯಿಂದ ಕುಯ್ದು, ತುಂಡುಗಳನ್ನು ಜೋಡಿಸಿ, ಅವುಗಳ ಮೇಲೆ ಲೋಹದ ಪ್ಲೇಟು ಇಟ್ಟು ಸ್ಕ್ರೂ ಬಿಗಿದರು. "ಇದು ಬರೀ ಪ್ಲೇಟ್ ಅಲ್ಲ ಸರ್, ಕಲಿಯೋ ಪ್ಲೇಟ್" ಎಂದು ಆಪರೇಷನ್ ಮಾಡಿದ ಡಾಕ್ಟರ್ ವಿಶಾಖಾ ವಿವರಿಸಿದ್ದರು. ಮೂಳೆ ಹೇಗೂ ಕೂಡಿಕೊಳ್ಳುತ್ತದೆ, ಕಷ್ಟ ಆಮೇಲಿನದು. ನೋವಿಗೆ ಹೆದರಿ ರೋಗಿಗಳು ಕೈ ಆಡಿಸುವುದಿಲ್ಲ, ಆಡಿಸದ ಕೈ ಕೊರಡಾಗುತ್ತದೆ. ಅದಕ್ಕೇ ಈ ಪ್ಲೇಟಿಗೆ ಕೂದಲಿಗಿಂತ ತೆಳುವಾದ ಎಳೆಗಳ ಒಂದು ಪೊರೆ. ಕೈ ಆಡಿದಂತೆ ಎಳೆಗಳು ಬಾಗಿ, ಆ ಬಾಗನ್ನು ನೆನಪಿಟ್ಟುಕೊಳ್ಳುತ್ತವೆ. ಮನುಷ್ಯ ನಿದ್ದೆ ಹೋದಾಗ ಅದನ್ನೇ ನರಗಳಿಗೆ ಮೆಲ್ಲಗೆ ಒತ್ತಿ ಹೇಳುತ್ತವೆ. ಹೀಗೆ ನಿದ್ದೆಯಲ್ಲೇ ಕೈಗೆ ವ್ಯಾಯಾಮ. ಇಷ್ಟು ಹೇಳಿ ಡಾಕ್ಟರು ನಕ್ಕರು. ಪಂಚಾಕ್ಷರಯ್ಯ ನಗಲಿಲ್ಲ. ಕಾರಣವಿಲ್ಲದೆ ನಗುವವರನ್ನು ಅವರು ಬಸ್ಸಿನಲ್ಲಿ ಬಹಳ ನೋಡಿದ್ದರು, ಅವರಲ್ಲಿ ಹೆಚ್ಚಿನವರ ಬಳಿ ಚೀಟಿ ಇರುತ್ತಿರಲಿಲ್ಲ.

ಕೈ ಮಾತ್ರ ಬೇಗ ವಾಸಿಯಾಗತೊಡಗಿತು, ಅನುಮಾನ ಹುಟ್ಟುವಷ್ಟು ಬೇಗ. ಅವರ ಜೊತೆಗೇ ಕೈ ಮುರಿದುಕೊಂಡ ಪಕ್ಕದ ಬೀದಿಯ ಮೇಷ್ಟರು ಇನ್ನೂ ಲೋಟ ಎತ್ತಲು ತಿಣುಕುತ್ತಿದ್ದರೆ ಇವರ ಮುಷ್ಟಿ ಆಗಲೇ ಬಿಗಿಯಾಗುತ್ತಿತ್ತು. ಇಲಾಖೆಯ ಡಾಕ್ಟರ ಮುಂದೆ ಕೈ ತಿರುಗಿಸಿ ತೋರಿಸುವ ಪರೀಕ್ಷೆ ಹತ್ತಿರ ಬರುತ್ತಿತ್ತು. ಪಾಸಾದರೆ ಮರುದಿನವೇ ಬಸ್ಸು ಹತ್ತಬಹುದು. ಇಲ್ಲವಾದರೆ ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕೋಣೆ. ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ನಿವೃತ್ತಿಯವರೆಗೆ ಕೂತಿರಬೇಕು. ಆ ಕೋಣೆ ನೆನಪಾದರೇ ಅವರಿಗೆ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಉಂಡು ಅಡ್ಡಾಗಿದ್ದವರಿಗೆ ಎಚ್ಚರವಾದಾಗ ಹೆಂಡತಿ ಶಿವಗಂಗಮ್ಮ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಅವರ ಬಲಗೈಯನ್ನೇ ನೋಡುತ್ತಿದ್ದರು. ಕೈ ಎದೆಯ ಮೇಲೆ ತನ್ನಷ್ಟಕ್ಕೆ ಆಡುತ್ತಿತ್ತು. ಬೆರಳುಗಳು ಇಲ್ಲದ ದಾರವೊಂದನ್ನು ಹಿಡಿದು, ಸುತ್ತಿ, ಕೊಕ್ಕೆ ಹಾಕಿ, ಎಳೆದು ಬಿಗಿಯುತ್ತಿದ್ದವು. ಮತ್ತೆ ಸುತ್ತು, ಮತ್ತೆ ಕೊಕ್ಕೆ.

"ಊಟಕ್ಕೆ ಏನ್ ಹಾಕ್ದೆ?" ಎಂದು ಪಂಚಾಕ್ಷರಯ್ಯ ಗಡಬಡಿಸಿ ಎದ್ದರು.

"ಹಾಗಲಕಾಯಿ ಗೊಜ್ಜು. ಅದಿರ್ಲಿ, ನಿದ್ದೇಲಿ ಯಾರಿಗ್ರೀ ಹೂ ಕಟ್ತಾ ಇದ್ದೀರಿ?"

"ಹೂವಾ?"

"ಹೂವಲ್ದೆ ಇನ್ನೇನು? ಮದ್ವೆಯಾಗಿ ಇಷ್ಟ್ ವರ್ಷದಲ್ಲಿ ನಂಗೆ ಒಂದ್ ಮೊಳ ಹೂ ತಂದೋರಲ್ಲ. ಈಗ ಕನಸಲ್ಲಿ ಮಾರುಗಟ್ಲೆ ಕಟ್ತಿದ್ದೀರಿ. ಯಾರವಳು?"

ಹೆಂಡತಿ ಯಾರಿಂದಲೋ ನಾಟಿ ಔಷಧಿ ತಂದು ಊಟಕ್ಕೆ ಬೆರೆಸಿದ್ದಾಳೆಂದು ಪಂಚಾಕ್ಷರಯ್ಯನವರ ಅನುಮಾನ, ಗಂಡ ಎಲ್ಲೋ ಯಾರನ್ನೋ ಇಟ್ಟುಕೊಂಡಿದ್ದಾನೆಂದು ಅವಳದು. ಎರಡೂ ಅನುಮಾನಗಳು ಸಂಜೆಯ ಕಾಫಿಯವರೆಗೆ ಒಂದೇ ಹಜಾರದಲ್ಲಿ ಮುಖ ಊದಿಸಿಕೊಂಡು ಕೂತಿದ್ದವು.

ಮರುದಿನ ಅವರು ಆಸ್ಪತ್ರೆಗೆ ಹೋದರು. ಡಾಕ್ಟರ್ ವಿಶಾಖಾ ಅವರನ್ನು ನಿಗಾ ಕೋಣೆಗೇ ಕರೆದುಕೊಂಡು ಹೋದರು. ಗೋಡೆ ತುಂಬ ಪರದೆಗಳು, ಪರದೆಗಳ ತುಂಬ ಗೆರೆಗಳು. ಊರಿನ ಮುರಿದ ಮಣಿಕಟ್ಟುಗಳೆಲ್ಲ ಅಲ್ಲಿ ಒಂದೊಂದು ಗೆರೆಯಾಗಿ ಏಳುತ್ತ ಬೀಳುತ್ತ ಇದ್ದವು. ಬಹಳಷ್ಟು ಗೆರೆಗಳು ಸುಸ್ತಾಗಿ ಮಲಗಿದ್ದವು. ಪಂಚಾಕ್ಷರಯ್ಯನವರದು ಮಾತ್ರ ಒಂದೇ ಸಮನೆ ಅಲೆಯಾಡುತ್ತಿತ್ತು.

"ನೋಡಿ ಸರ್, ಎಷ್ಟು ಚೆನ್ನಾಗಿದೆ! ನಿಮ್ಮ ಕೈಗೆ ಹೇಳಿಕೊಳ್ಳೋ ಅಂಥ ಅಭ್ಯಾಸ ಇರಲಿಲ್ಲ. ಚಾಚೋದು, ತಗೊಳ್ಳೋದು, ವಾಪಸ್ ಕೊಡೋದು, ಅಷ್ಟೇ. ಹೊಸಾ ಪ್ಲೇಟು ಹಾಕಿದ್ರೆ ಕಲಿಯೋಕೆ ಏನೂ ಸಿಕ್ತಿರಲಿಲ್ಲ. ಅದಕ್ಕೆ ಮೊದಲೇ ಪಾಠ ತುಂಬಿದ ಪ್ಲೇಟ್ ಹಾಕಿದ್ದೀವಿ."

"ಯಾರ ಪಾಠ?"

"ಯಾರದೂ ಅಲ್ಲ ಸರ್. ಎಲ್ಲರಿಗೂ ಹೊಂದೋ ಅಂಥದ್ದು."

ಬಸ್ಸಿನಲ್ಲಿ ಸೀಟಿನ ಕೆಳಗೆ ತುರುಕಿದ ಗಂಟುಮೂಟೆಯ ಬಗ್ಗೆ ಕೇಳಿದಾಗಲೂ ಜನ 'ಯಾರದೂ ಅಲ್ಲ' ಎನ್ನುತ್ತಾರೆ. ಯಾರದೂ ಅಲ್ಲದ ಮೂಟೆಯನ್ನು ಪಂಚಾಕ್ಷರಯ್ಯನವರು ಈವರೆಗೆ ಕಂಡಿರಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತ ಒಬ್ಬ ಒಡೆಯ ಅಲ್ಲೇ ಎಲ್ಲೋ ಇರುತ್ತಿದ್ದ. ತನ್ನ ಮಣಿಕಟ್ಟಿನಲ್ಲಿ ಚೀಟಿ ಇಲ್ಲದ ಯಾರೋ ಹತ್ತಿ ಕೂತಿದ್ದಾರೆ ಎಂಬುದು ಅವರಿಗೆ ಅಂದೇ ಖಾತ್ರಿಯಾಯಿತು. ಸಿಟ್ಟೂ ಬಂತು, ಸ್ವಲ್ಪ ಹೆದರಿಕೆಯೂ ಆಯಿತು.

ಮನೆಗೆ ಬಂದು ಹೇಳಿದಾಗ ಶಿವಗಂಗಮ್ಮನ ಮುಖ ಅರಳಿತು. ಸವತಿ ಇಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಉಳಿದದ್ದು ಬರೀ ಕುತೂಹಲ. ಸಂತೆಯಿಂದ ಬಿಡಿ ಕಾಕಡ ಹೂವನ್ನೂ ಒಂದು ಹಿಡಿ ಮರುಗವನ್ನೂ ತಂದು, ದಾರದ ಉಂಡೆಯ ತುದಿಯನ್ನು ಗಂಡನ ಬಲಗೈಗೆ ಕೊಟ್ಟರು.

"ಕಟ್ಟಿ, ನೋಡೋಣ."

ಕೈ ತಡವರಿಸಿತು. ಪಂಚಾಕ್ಷರಯ್ಯ ಕಣ್ಣು ಕಿರಿದು ಮಾಡಿ ನೋಡಿದಷ್ಟೂ ದಾರ ಗೋಜಲಾಯಿತು. ಬೇಸತ್ತು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ್ದೇ ತಡ, ಬೆರಳುಗಳು ಸರಸರನೆ ಆಡತೊಡಗಿದವು. ಆದರೆ ಪಾಠ ಇದ್ದದ್ದು ಬಲಗೈಗೆ ಮಾತ್ರ, ಹೂ ಜೋಡಿಸಿ ಹಿಡಿಯಬೇಕಾದ ಎಡಗೈಗೆ ಏನೂ ಗೊತ್ತಿರಲಿಲ್ಲ. ಶಿವಗಂಗಮ್ಮ ಪಕ್ಕಕ್ಕೆ ಒತ್ತಿ ಕೂತು ತಮ್ಮ ಎಡಗೈಯಿಂದ ಹೂ ಹಿಡಿದು ಕೊಟ್ಟರು. ಗಂಡ ಕ್ಯಾಲೆಂಡರಿನ ತಿಥಿ ನಕ್ಷತ್ರ ಓದುತ್ತಿದ್ದಂತೆ ದಂಪತಿಗಳಿಬ್ಬರ ನಡುವೆ ಒಂದು ಮೊಳ ಹೂ ಇಳಿಯಿತು.

ಶಿವಗಂಗಮ್ಮ ಅದನ್ನು ಬೆಳಕಿಗೆ ಹಿಡಿದು ಮುಗುಳ್ನಗೆ ಮರೆತರು. ಮರುಗದ ಪ್ರತಿ ಕುಡಿಯ ಹತ್ತಿರ ದಾರ ಒಂದು ಸುತ್ತು ಹಿಂದಕ್ಕೆ ಹೋಗಿ, ಹಿಂದಿನ ಗಂಟನ್ನೂ ಸೇರಿಸಿ ಬಿಗಿದಿತ್ತು.

"ಇದು ಹನುಮಕ್ಕನ ಗಂಟು ಕಣ್ರೀ. ಹಳೇ ಬಸ್ ಸ್ಟ್ಯಾಂಡ್ ಗೋಡೆ ಪಕ್ಕ ಕೂರ್ತಾಳಲ್ಲ, ಅವಳು. ಅರ್ಧಕ್ಕೆ ಕತ್ತರಿಸಿದ್ರೂ ಒಂದ್ ಹೂ ಉದುರ್ತಿರಲಿಲ್ಲ. ನಾನು ಅವಳ ಹತ್ರಾನೇ ತಗೊಳ್ತಿದ್ದೆ. ಈಗ ಕಟ್ಟೋದೇ ಬಿಟ್ಟಿದಾಳೆ, ಬರೀ ಬಿಡಿ ಹೂ ಮಾರ್ತಾಳೆ."

"ಯಾಕೆ ಬಿಟ್ಟಳು?"

"ಕೇಳಿದ್ರೆ ಮುಖ ತಿರುಗಿಸ್ತಾಳೆ."

ಗಂಡ ಹೆಂಡತಿ ಹಳೇ ಬಸ್ ಸ್ಟ್ಯಾಂಡಿಗೆ ಹೋದಾಗ ಹನುಮಕ್ಕ ಪಂಚಾಕ್ಷರಯ್ಯನವರನ್ನು ದೂರದಿಂದಲೇ ಗುರುತು ಹಿಡಿದು ಹೂವಿನ ಬುಟ್ಟಿಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡಳು. ದಪ್ಪ ಮೂಗುತಿಯ, ಬಿರುಸು ಕಣ್ಣಿನ ಹೆಂಗಸು. ಹಳ್ಳಿಯಿಂದ ಬಸ್ಸಿನಲ್ಲಿ ಹೂ ತರುವವರಿಗೆಲ್ಲ ಈ ಮನುಷ್ಯ ಗೊತ್ತು.

"ಲಗೇಜು ಚೀಟಿ ಐತೆ ಸಾಮಿ, ಬೆಳಿಗ್ಗೇನೇ ತಗಂಡಿವ್ನಿ" ಎಂದಳು.

"ಚೀಟಿ ಕೇಳೋಕೆ ಬಂದಿಲ್ಲಮ್ಮ. ಹೂ ಕಟ್ಟೋದು ಯಾಕೆ ಬಿಟ್ಟೆ?"

"ಅದ್ಕೂ ಪರ್ಮಿಟ್ ಬೇಕಾ ಈಗ?"

ಶಿವಗಂಗಮ್ಮ ಮಧ್ಯೆ ಬಂದು ಅವಳ ಎದುರಿಗೇ ಕುಕ್ಕರುಗಾಲಲ್ಲಿ ಕೂತರು. ಮನೆಯಲ್ಲಿ ಕಟ್ಟಿದ ಹೂಮಾಲೆಯನ್ನು ಅವಳ ಮಡಿಲಿಗೆ ಹಾಕಿದರು. ಹನುಮಕ್ಕ ಅದನ್ನು ಬೆರಳಿನಿಂದ ಸವರುತ್ತ ಹೋದಳು. ಮರುಗದ ಹತ್ತಿರ ಬೆರಳು ನಿಂತಿತು. ಆಮೇಲೆ ಅವಳ ಮುಖದಲ್ಲಿ ಕಾಣಿಸಿದ್ದು ಸಂತೋಷವಲ್ಲ. ತನ್ನ ಮನೆಯ ಪಾತ್ರೆಯನ್ನು ಇನ್ನೊಬ್ಬರ ಅಡಿಗೆಮನೆಯಲ್ಲಿ ಕಂಡವಳ ಮುಖ ಅದು.

"ಯಾರ್ ಕಟ್ಟಿದ್ದು ಇದ?"

ಪಂಚಾಕ್ಷರಯ್ಯ ಬಲಗೈ ತೋರಿಸಿದರು. ಮಣಿಕಟ್ಟಿನ ಮೇಲೆ ಉದ್ದಕ್ಕೆ ಹೊಲಿಗೆಯ ಗುರುತಿತ್ತು. ಹನುಮಕ್ಕ ತನ್ನ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿದಳು. ಅಲ್ಲೂ ಅಂಥದೇ ಗುರುತು.

ಅವಳು ಬಾವಿಕಟ್ಟೆಯಲ್ಲಿ ಜಾರಿ ಬಿದ್ದಿದ್ದಳಂತೆ. ಅದೇ ಆಸ್ಪತ್ರೆ, ಅದೇ ಕಲಿಯುವ ಪ್ಲೇಟು. ವಾಸಿಯಾದ ಕೈ ಮೊದಲಿಗಿಂತ ಜೋರಾಗಿ ಓಡಿತು. ಹಬ್ಬದ ದಿನ ಅವಳ ಮುಂದೆ ಬೇರೆ ಕಟ್ಟುವವರು ಕೂರಲು ನಾಚುತ್ತಿದ್ದರು. ಕೆಲವು ತಿಂಗಳ ಹಿಂದೆ ಆಸ್ಪತ್ರೆಯವರೇ ಮನೆಗೆ ವಾಹನ ಕಳಿಸಿ, ಪ್ಲೇಟಿನ ಕೆಲಸ ಮುಗಿಯಿತು, ಒಳಗೇ ಬಿಟ್ಟರೆ ಕೀವಾಗಬಹುದು, ಪುಕ್ಕಟೆಯಾಗಿ ತೆಗೆಯುತ್ತೇವೆ ಎಂದು ಕರೆದೊಯ್ದರು.

"ತೆಗೆದ್ ಮ್ಯಾಲೆ ಕೈ ನೋಯಲ್ಲ, ಊದಲ್ಲ. ಮುದ್ದೆ ಕಟ್ತೀನಿ, ಬಟ್ಟೆ ಹಿಂಡ್ತೀನಿ. ಹೂ ಹಿಡಿದ್ರೆ ಮಾತ್ರ ಪೆದ್ದಾಗ್ ಬಿಡ್ತೈತೆ. ನಮ್ಮವ್ವ ಹೇಳ್ಕೊಟ್ಟ ಗಂಟು ಸಾಮಿ, ನಂಗೇ ಬರಲ್ಲ. ಡಾಕ್ಟ್ರಮ್ಮ ವಯಸ್ಸಾಯ್ತು ಅಂದ್ಲು. ಎಡಗೈಗೆ ಆಗ್ದೇ ಇರೋ ವಯಸ್ಸು ಬಲಗೈಗೆ ಹೆಂಗಾಯ್ತದೆ?"

ಪಂಚಾಕ್ಷರಯ್ಯನವರು ಪ್ಯಾಂಟಿನ ಮಡಿಕೆಯನ್ನೂ ಲೆಕ್ಕಿಸದೆ ಗೋಣಿತಾಟಿನ ಮೇಲೆ ಅವಳ ಬಲಕ್ಕೆ ಕೂತರು. ದಾರ ಹಿಡಿದು ಮುಖವನ್ನು ಬಸ್ಸುಗಳ ಕಡೆ ತಿರುಗಿಸಿದರು. ಹನುಮಕ್ಕ ಅನುಮಾನಿಸುತ್ತ ಎಡಗೈಯಿಂದ ಹೂ ಜೋಡಿಸಿದಳು. ಮೊದಲ ಗಂಟು ಬಿತ್ತು, ಎರಡನೆಯದು ಬಿತ್ತು. ಆಮೇಲೆ ಇಬ್ಬರ ಕೈಗಳೂ ಓಡಿದವು. ಅವಳ ಎಡಗೈ ಹೂವಿಟ್ಟ ಕಡೆ ಅವರ ಬಲಗೈ ಕಾದಿರುತ್ತಿತ್ತು. ಒಂದು ಇನ್ನೊಂದನ್ನು ಕೇಳಬೇಕಾಗಿರಲಿಲ್ಲ. ಬಸ್ಸು ಕಾಯುತ್ತಿದ್ದ ನಾಲ್ಕು ಜನ ಹತ್ತಿರ ಬಂದು ನಿಂತರು. ಮಾಲೆ ಅವಳ ಮಡಿಲು ದಾಟಿ ನೆಲಕ್ಕೆ ಇಳಿಯಿತು.

ಹನುಮಕ್ಕ ಇದ್ದಕ್ಕಿದ್ದಂತೆ ಹೂ ಬಿಟ್ಟು ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ ಕೈ ನಿನ್ ತಾವ ಹೆಂಗ್ ಬಂತು?"

ಆ ಬಸ್ ಸ್ಟ್ಯಾಂಡಿನಲ್ಲಿ ಪಂಚಾಕ್ಷರಯ್ಯನವರು ಎಷ್ಟೋ ಜನರನ್ನು ಹೀಗೆ ಮಣಿಕಟ್ಟು ಹಿಡಿದು ನಿಲ್ಲಿಸಿದ್ದರು. ತಾವು ಸಿಕ್ಕಿಬಿದ್ದದ್ದು ಇದೇ ಮೊದಲು. ಅವರಿಗೆ ನಾಚಿಕೆಯಾಯಿತು.

ಮರುದಿನ ನಿಗಾ ಕೋಣೆಯಲ್ಲಿ ಅವರು ಡಾಕ್ಟರ್ ವಿಶಾಖಾ ಅವರ ಮುಂದೆ ನಿಂತು, ಏನೂ ಮಾತಾಡದೆ, ಬಲಗೈ ಚಾಚಿದರು. ಡಾಕ್ಟರು "ಏನ್ ಸರ್?" ಎಂದರು. ಉತ್ತರ ಬರಲಿಲ್ಲ. "ನೋವಿದೆಯಾ?" ಎಂದರು. ಅದಕ್ಕೂ ಇಲ್ಲ. ಸುಮ್ಮನೆ ಚಾಚಿದ ಕೈಯ ಮುಂದೆ ಜನ ತಾವಾಗಿ ಬಾಯಿಬಿಡುತ್ತಾರೆ ಎಂಬುದು ಅವರ ಸರ್ವೀಸು ಕಲಿಸಿದ ವಿದ್ಯೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಪರದೆಗಳ ಕಡೆ ನೋಡಿದರು, ಕೊನೆಗೆ ಕುರ್ಚಿಯಲ್ಲಿ ಕುಸಿದರು.

"ಪಾಠ ನಕಲು ಮಾಡೋಕೆ ಬರಲ್ಲ ಸರ್. ಎಳೆ ಬಾಗಿದ್ದನ್ನ ಇನ್ನೊಂದು ಎಳೆಗೆ ಬರೆಯೋದು ಇನ್ನೂ ಯಾರಿಗೂ ಗೊತ್ತಿಲ್ಲ. ಹಾಗಾಗಿ ಪಾಠ ಇರೋ ಪ್ಲೇಟನ್ನೇ ಶುದ್ಧ ಮಾಡಿ ಹಾಕಿದ್ದು. ಸಾವಿರಾರು ಕೈಯಲ್ಲಿ ಆ ಹೂ ಕಟ್ಟೋ ಹೆಂಗಸಿನ ಕೈಯಷ್ಟು ಆಡಿದ್ದು ಇನ್ನೊಂದಿರಲಿಲ್ಲ. ಆಕೆಗೆ ಮೂಳೆ ಕೂಡಿತ್ತು, ಪ್ಲೇಟು ಬೇಕಿರಲಿಲ್ಲ."

"ಕೈ ಮರೆತದ್ದು?"

"ಅದು ನಮಗೆ ಗೊತ್ತಾಗಲಿಲ್ಲ. ಪ್ಲೇಟು ಹೇಳಿಕೊಡ್ತಾ ಹೇಳಿಕೊಡ್ತಾ, ಆ ಗಂಟನ್ನ ನೆನಪಿಟ್ಟುಕೊಳ್ಳೋ ಕೆಲಸವನ್ನ ಆಕೆಯ ಮಿದುಳು ಬಿಟ್ಟುಬಿಟ್ಟಿದೆ. ತೆಗೆದ ಮೇಲೆ ಅಲ್ಲಿ ಏನೂ ಉಳಿದಿಲ್ಲ."

"ಗೊತ್ತಾದ ಮೇಲೆ ವಯಸ್ಸಾಯ್ತು ಅಂದ್ರಲ್ಲ."

ಡಾಕ್ಟರು ತಲೆತಗ್ಗಿಸಿದರು. ಆಮೇಲೆ ಸಮಾಧಾನ ಹೇಳುವವರಂತೆ ಮುಂದಕ್ಕೆ ಬಾಗಿದರು. "ನೀವು ತಲೆ ಕೆಡಿಸ್ಕೋಬೇಡಿ ಸರ್. ಪ್ಲೇಟು ಈಗ ನಿಮ್ಮ ಕೈಯನ್ನ ಕಲೀತಾ ಇದೆ. ಡ್ಯೂಟಿಗೆ ಹೋಗಿ, ದಿನವೆಲ್ಲ ನಿಮ್ಮ ಕೆಲಸ ಮಾಡಿ. ಹೂವಿನ ಪಾಠ ತಾನಾಗೇ ಅಳಿಸಿಹೋಗುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಇತ್ತು. ಪರೀಕ್ಷೆ ಪಾಸಾಗುವುದರಲ್ಲಿ ಅನುಮಾನವಿರಲಿಲ್ಲ. ಪಾಸಾದರೆ ಮರುದಿನ ಬಸ್ಸು. ಬಸ್ಸಿನಲ್ಲಿ ಚಾಚಿದಷ್ಟು ಸಲವೂ ಹನುಮಕ್ಕನ ಅವ್ವನ ಗಂಟು ಒಂದೊಂದು ಎಳೆಯಾಗಿ ನೆಟ್ಟಗಾಗುತ್ತದೆ. ಆಮೇಲೆ ಅದು ಈ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

ಪ್ಲೇಟನ್ನು ವಾಪಸು ಕೊಡುತ್ತೇನೆ ಎಂದು ಹೋಗಿ ಕೇಳಿದರೆ ಹನುಮಕ್ಕ ಸಿಡುಕಿದಳು. "ಆ ಆಸ್ಪತ್ರೆ ಬಾಗ್ಲು ಇನ್ನೊಂದ್ ಸಲ ತುಳಿಯಲ್ಲ. ಒಂದ್ ಸಲ ಹಾಕೋಕೆ ಕುಯ್ದ್ರು, ಒಂದ್ ಸಲ ಕೀಳೋಕೆ ಕುಯ್ದ್ರು. ಮತ್ತೆ ಹಾಕುಸ್ಕಂಡು, ಮತ್ತೆ ಯಾವನೋ ಬಂದು ಕಿತ್ಕಂಡು ಹೋದ್ರೆ?" ಆಮೇಲೆ ಅವರ ಕೈಯನ್ನು ಓರೆಗಣ್ಣಿನಿಂದ ನೋಡಿದಳು. "ನಮ್ಮವ್ವ ನಂಗೆ ಹೇಳ್ಕೊಟ್ಟಿದ್ದು ಹೆಂಗೆ ಗೊತ್ತಾ? ತನ್ ಕೈ ಮ್ಯಾಲೆ ನನ್ ಕೈ ಇಟ್ಕಂಡು. ನೀನು ದಿನಾ ಬಂದು ಕುಂತ್ಕಂತೀಯಾ?"

ನೀನು ಎಂದದ್ದು ಪಂಚಾಕ್ಷರಯ್ಯನವರಿಗೆ ಚುಚ್ಚಲಿಲ್ಲ. ಆದರೆ ಕೊಡೆ, ಡಬ್ಬಿ, ಒಂಟಿ ಚಪ್ಪಲಿಗಳು ಕಣ್ಣ ಮುಂದೆ ಬಂದವು. ಓಡುವ ಬಸ್ಸು, ಅದರೊಳಗಿನ ಗಾಳಿ, ತಾವು ಹತ್ತಿದ ಕೂಡಲೇ ಬೀಳುವ ಮೌನ, ಎಲ್ಲವೂ ಬಂದವು. ಅವರಿಗೆ ಆ ಕೆಲಸದ ಮೇಲೆ ಪ್ರಾಣ. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೇ.

"ಬರ್ತೀನಿ" ಎಂದರು.

ಪರೀಕ್ಷೆಯ ಬೆಳಿಗ್ಗೆ ಅವರು ಗೋಣಿತಾಟಿನ ಮೇಲಿದ್ದರು. ಅವರ ಬಲಗೈ ಮೇಲೆ ಹನುಮಕ್ಕನ ಬಲಗೈ, ಎರಡರ ಕೆಳಗೆ ದಾರ. ಹೂ ಹಿಡಿಯಲು ಶಿವಗಂಗಮ್ಮ. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿದಾಗ ಶಿವಗಂಗಮ್ಮನೇ ತೆಗೆದು ಕಿವಿಗಿಟ್ಟುಕೊಂಡರು.

"ಹೌದು, ಅವ್ರ ಮನೆಯೋರೇ ಮಾತಾಡ್ತಿರೋದು. ಇಲ್ಲ ಸಾರ್, ಇವತ್ತು ಬರೋಕಾಗಲ್ಲ. ಕೆಲಸದಲ್ಲಿದ್ದಾರೆ."

ಪಂಚಾಕ್ಷರಯ್ಯ ಬಸ್ಸುಗಳ ಕಡೆಗೇ ನೋಡುತ್ತಿದ್ದರು. ಅವರ ಕಣ್ಣು ಒದ್ದೆಯಾಗಿದ್ದು ಹೆಂಡತಿಗೆ ಕಂಡಿತು. ಆಕೆ ಮುಂದಿನ ಹೂ ಇಟ್ಟರು.

ದಳದ ಕೆಲಸ ಬೇರೆಯವರಿಗೆ ಹೋಯಿತು. ಇವರಿಗೆ ಕಳೆದುಹೋದ ಸಾಮಾನಿನ ಕೋಣೆಯ ಬೀಗದ ಕೈ ಬಂತು. ಅಲ್ಲಿ ಅವರು ಬಲಗೈಯನ್ನು ಆದಷ್ಟು ಜೇಬಿನಲ್ಲೇ ಇಟ್ಟುಕೊಂಡು, ಕೊಡೆಗಳನ್ನು ಎಡಗೈಯಿಂದ ಎತ್ತಿಕೊಡುತ್ತಿದ್ದರು. ಬಂದವರೆಲ್ಲ ಇದೇನು ಗತ್ತು ಎಂದುಕೊಂಡರು. ಬೆಳಿಗ್ಗೆ ಕೆಲಸಕ್ಕೆ ಮೊದಲು ಬಸ್ ಸ್ಟ್ಯಾಂಡಿನ ಗೋಡೆ ಪಕ್ಕ ಕೂರುವುದು ಮಾತ್ರ ತಪ್ಪಲಿಲ್ಲ. ಈಗ ಶಿವಗಂಗಮ್ಮ ಬರುತ್ತಿರಲಿಲ್ಲ, ಹೂವನ್ನು ಹನುಮಕ್ಕನ ಎಡಗೈಯೇ ಹಿಡಿಯುತ್ತಿತ್ತು.

ಎಷ್ಟು ಜೋಪಾನ ಮಾಡಿದರೂ ಪಾಠ ಸವೆಯುತ್ತಿತ್ತು. ಮನುಷ್ಯ ಉಣ್ಣಬೇಕು, ಗುಂಡಿ ಹಾಕಿಕೊಳ್ಳಬೇಕು, ಮೀಸೆ ತಿದ್ದಬೇಕು. ಎಲ್ಲವನ್ನೂ ಪ್ಲೇಟು ಕಲಿಯುತ್ತಿತ್ತು. ಒಂದು ದಿನ ಸುತ್ತು ಜಾರಿತು, ಇನ್ನೊಂದು ದಿನ ಕೊಕ್ಕೆ ತಪ್ಪಿತು. ಅವರ ಕೈ ಎಡವಿದ ಕಡೆ ಹನುಮಕ್ಕನ ಕೈ ಮೇಲಿನಿಂದ ಒತ್ತಿ ಸರಿ ಮಾಡುತ್ತಿದೆಯೇ, ಅಥವಾ ಅದು ತಮ್ಮ ಆಸೆಯೇ ಎಂದು ಪಂಚಾಕ್ಷರಯ್ಯನವರಿಗೆ ಅನುಮಾನ. ಅವರು ಬಾಯಿಬಿಟ್ಟು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೆಚ್ಚಿನ ಬೆಳಗುಗಳು ಬರೀ ಗೋಜಲು ಬಿಡಿಸುವುದರಲ್ಲೇ ಹೋಗುತ್ತಿದ್ದವು.

ಕಡೆಗೊಂದು ಬೆಳಿಗ್ಗೆ ಮರುಗದ ಕುಡಿಯ ಹತ್ತಿರ ಬಂದಾಗ ಪಂಚಾಕ್ಷರಯ್ಯನವರ ಕೈ ನಿಂತುಬಿಟ್ಟಿತು. ಎಷ್ಟು ಹೊತ್ತು ಬಸ್ಸುಗಳ ಕಡೆ ನೋಡಿದರೂ ಅಲುಗಲಿಲ್ಲ. ಆಮೇಲೆ ಮೆಲ್ಲಗೆ ದಾರ ಬಿಟ್ಟು, ಹನುಮಕ್ಕನ ಕೈ ಕೆಳಗಿನಿಂದ ಹೊರಗೆ ಬಂದು, ಅಂಗೈ ಮೇಲೆ ಮಾಡಿ, ತನ್ನಷ್ಟಕ್ಕೆ ಮುಂದಕ್ಕೆ ಚಾಚಿತು. ಬಸ್ಸಿನಲ್ಲಿ ಚಾಚುತ್ತಿದ್ದ ಹಾಗೆಯೇ. ಇಷ್ಟು ದಿನ ಕಾದಿಟ್ಟದ್ದು ಹೋಯಿತು, ಇನ್ನೇನೂ ಉಳಿದಿಲ್ಲ ಎಂದುಕೊಂಡರು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಪಕ್ಕದಲ್ಲಿ ದಾರ ಸರಿದ ಸದ್ದಾಯಿತು. ಒಂದು ಸುತ್ತು. ಸ್ವಲ್ಪ ತಡೆದು, ಇನ್ನೊಂದು. ಹನುಮಕ್ಕ ಒಬ್ಬಳೇ ಕಟ್ಟುತ್ತಿದ್ದಳು. ನಿಧಾನವಾಗಿ, ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಕಟ್ಟುತ್ತಿದ್ದಳು. ಮುಗಿದ ಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಹಲ್ಲಿನಿಂದ ದಾರ ಕಡಿದಳು. ಇನ್ನೂ ಚಾಚಿಯೇ ಇದ್ದ ಅವರ ಅಂಗೈಯಲ್ಲಿ ಆ ಮೊಳ ಹೂ ಇಟ್ಟಳು.

"ತಗಳಿ ಸಾಮಿ, ಚೀಟಿ. ನೋಡ್ಕಳಿ ಸರಿಯಾಗಿ."

ಪಂಚಾಕ್ಷರಯ್ಯನವರು ನೋಡಿದರು. ನೋಡದೆ ಬಿಡುವ ಜಾಯಮಾನ ಅವರದಲ್ಲ. ಮರುಗದ ಪ್ರತಿ ಕುಡಿಯನ್ನೂ ಉಗುರಿನಿಂದ ಮೀಟಿ, ದಾರ ಹಿಂದಕ್ಕೆ ಹೋಗಿದೆಯೇ ಎಂದು ಪರೀಕ್ಷಿಸಿ, ಎರಡೂ ತುದಿ ಹಿಡಿದು ಜಗ್ಗಿದರು. ಒಂದು ಹೂವೂ ಉದುರಲಿಲ್ಲ.

"ಸರಿಯಾಗಿದೆ" ಎಂದರು.

ಅಂದು ಡಿಪೋಗೆ ತಡವಾದರೂ ಮೊದಲು ಮನೆಗೆ ಹೋದರು. ಬಾಗಿಲು ತೆಗೆದ ಶಿವಗಂಗಮ್ಮ ಗಂಡನ ಕೈಯಲ್ಲಿದ್ದ ಹೂವನ್ನೂ ಮುಖವನ್ನೂ ಮೇಲಿಂದ ಕೆಳಗೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಯಾರ್ರೀ ಕಟ್ಟಿದ್ದು ಇದನ್ನ?"

"ನಾನಲ್ಲ ಕಣೇ" ಎಂದರು ಪಂಚಾಕ್ಷರಯ್ಯ. ಮದುವೆಯಾದಂದಿನಿಂದ ಅವರು ಅಷ್ಟು ಖುಷಿಯಾಗಿ ಯಾವ ಮಾತನ್ನೂ ಆಡಿದ್ದಿಲ್ಲ.